ಕೆಲಸಕ್ಕೆ ಆಯ್ಕೆ ಮಾಡಲು ವ್ಯಕ್ತಿತ್ವ ಪರೀಕ್ಷೆ: ಯಾವುದನ್ನು ಬಳಸಬಹುದು, ಯಾವುದನ್ನು ಬಿಡಬೇಕು

ವ್ಯಕ್ತಿತ್ವ ಪರೀಕ್ಷೆ ಮಾರುವವರು ಒಂದೇ ಪರೀಕ್ಷೆಯನ್ನು ಮೂರು ಕೆಲಸಕ್ಕೆ ಮಾರುತ್ತಾರೆ. ಹೊಸಬರನ್ನು ಆರಿಸಲು, ಇರುವ ತಂಡದಲ್ಲಿ ಹೊಂದಾಣಿಕೆ ತರಲು, ಜನ ತಮ್ಮ ಸ್ವಭಾವವನ್ನು ತಾವೇ ತಿಳಿದುಕೊಳ್ಳಲು. ಈ ಮೂರೂ ಬೇರೆ ಬೇರೆ. ತಂಡದವರು ಒಂದು ಮಧ್ಯಾಹ್ನ ಕೂತು ಮನಬಿಚ್ಚಿ ಮಾತಾಡಲು ನೆಪವಾಗುವ ಪರೀಕ್ಷೆ, ಯಾರಿಗೆ ಆಫರ್ ಲೆಟರ್ ಕೊಡಬೇಕು ಎಂಬ ತೀರ್ಮಾನಕ್ಕೆ ಚೂರೂ ಉಪಯೋಗಕ್ಕೆ ಬಾರದೆ ಹೋಗಬಹುದು. ಹಾಗಾಗಿ ಯಾವ ಪರೀಕ್ಷೆ ಒಳ್ಳೆಯದು ಅನ್ನುವುದಕ್ಕಿಂತ ಮೊದಲು, ಅದು ನಮಗೆ ಯಾತಕ್ಕೆ ಬೇಕು ಎಂದು ಕೇಳಿಕೊಳ್ಳಬೇಕು.

ಇದನ್ನು ಮುಖ್ಯವಾಗಿ ಸಣ್ಣ ಮತ್ತು ಮಧ್ಯಮ ಕಂಪನಿಗಳಲ್ಲಿ ನೇಮಕಾತಿ ನೋಡಿಕೊಳ್ಳುವವರಿಗಾಗಿ ಬರೆಯುತ್ತಿದ್ದೇನೆ. ಪೀಣ್ಯದ ಬಿಡಿಭಾಗಗಳ ಕಾರ್ಖಾನೆ, ಹುಬ್ಬಳ್ಳಿಯ ಸಗಟು ವ್ಯಾಪಾರದ ಆಫೀಸು, ಮೈಸೂರಿನ ಒಂದು ಪುಟ್ಟ ಸಾಫ್ಟ್‌ವೇರ್ ಕಂಪನಿ, ಇಂಥ ಕಡೆ ಎಚ್‌ಆರ್ ಅಂದರೆ ಒಬ್ಬರೇ. ಸಂಬಳ, ಪಿಎಫ್, ರಜೆ, ನೇಮಕಾತಿ ಎಲ್ಲ ಅವರ ತಲೆ ಮೇಲೆ. ಏಜೆನ್ಸಿಯವರು ಬಣ್ಣ ಬಣ್ಣದ ವರದಿ ತೋರಿಸಿದರೆ ಕೆಲಸ ಹಗುರವಾಯಿತು ಅನ್ನಿಸುವುದು ಸಹಜ. ಆದರೆ ಆ ವರದಿಯ ಇನ್ನೊಂದು ತುದಿಯಲ್ಲಿ ಕೆಲಸ ಬೇಕಾಗಿರುವ ಒಬ್ಬ ಹುಡುಗನೋ ಹುಡುಗಿಯೋ ಇರುತ್ತಾರೆ. ಅವರನ್ನು ತಪ್ಪು ಕಾರಣಕ್ಕೆ ವಾಪಸ್ ಕಳಿಸಬಾರದು. ನನಗೆ ಅದೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಆಯ್ಕೆಗೆ ಬೇಕಾಗಿರುವುದು ಕೆಲಸದ ತುಣುಕು ಕೊಟ್ಟು ಮಾಡಿಸಿ ನೋಡುವುದು, ಮತ್ತು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವ ಸಂದರ್ಶನ. ವ್ಯಕ್ತಿತ್ವ ಪರೀಕ್ಷೆ ಬೇಕೇ ಬೇಕು ಅಂದರೆ ಐದು ಗುಣಗಳನ್ನು ಅಳೆಯುವ ಬಿಗ್ ಫೈವ್ ಮಾದರಿಯದು, ಅದೂ ಕೊನೆಯಲ್ಲಿ, ಸಣ್ಣ ತೂಕಕ್ಕೆ. ಜನರನ್ನು ಪಂಗಡಗಳಾಗಿ ವಿಂಗಡಿಸುವ ಪರೀಕ್ಷೆಗಳನ್ನು ಆಯ್ಕೆಗೂ ಬಡ್ತಿಗೂ ಮುಟ್ಟಲೇಬಾರದು.

ಎಂಬಿಟಿಐ: ಎಲ್ಲರಿಗೂ ಗೊತ್ತಿರುವ ನಾಲ್ಕು ಅಕ್ಷರ

ಐಟಿ ಕಂಪನಿಯಲ್ಲಿ ಕೆಲಸ ಮಾಡಿದವರು ಮೈಯರ್ಸ್-ಬ್ರಿಗ್ಸ್ ಟೈಪ್ ಇಂಡಿಕೇಟರ್ ಎಂಬ ಈ ಪರೀಕ್ಷೆಯನ್ನು ಒಂದಲ್ಲ ಒಂದು ಸಲ ನೋಡಿಯೇ ಇರುತ್ತಾರೆ. ಐಎನ್‌ಟಿಜೆ, ಇಎನ್‌ಎಫ್‌ಪಿ ಎಂದೆಲ್ಲ ಹದಿನಾರು ಬಗೆ, ಒಂದೊಂದು ಅಕ್ಷರ ಸ್ವಭಾವದ ಒಂದೊಂದು ಮುಖಕ್ಕೆ. ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಬ್ರಿಗ್ಸ್ ಮೈಯರ್ಸ್ ಸೇರಿ ಇದನ್ನು ಕಟ್ಟಿದರು. ತಳಹದಿ ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ವಿಚಾರ. ಎರಡನೇ ಮಹಾಯುದ್ಧದ ಸಮಯದಲ್ಲಿ ಹೆಂಗಸರು ಹೊಸದಾಗಿ ಕೆಲಸಕ್ಕೆ ಸೇರುತ್ತಿದ್ದರು. ಯಾರಿಗೆ ಯಾವ ಕೆಲಸ ಒಗ್ಗುತ್ತದೆ ಎಂದು ತಿಳಿಸುವುದು ಇಸಾಬೆಲ್ ಅವರ ಆಸೆಯಾಗಿತ್ತು. ಒಳ್ಳೆಯ ಉದ್ದೇಶವೇ. ಆದರೆ ತಾಯಿ ಮಗಳು ಇಬ್ಬರೂ ಮನಶ್ಶಾಸ್ತ್ರದಲ್ಲಿ ಪದವಿ ಪಡೆದವರಲ್ಲ.

ಇದರ ದೊಡ್ಡ ತೊಂದರೆ ಇರುವುದು ಅಂಕವನ್ನು ಅಕ್ಷರವಾಗಿ ಬದಲಾಯಿಸುವ ಜಾಗದಲ್ಲಿ. ಜನರ ಎತ್ತರವನ್ನೇ ತೆಗೆದುಕೊಳ್ಳಿ. ಐದೂವರೆ ಅಡಿಗೆ ಗೆರೆ ಎಳೆದು, ಮೇಲಿರುವವರೆಲ್ಲ ಎತ್ತರದವರು, ಕೆಳಗಿರುವವರೆಲ್ಲ ಕುಳ್ಳರು ಎಂದರೆ ಏನಾಗುತ್ತದೆ? ಗೆರೆಯ ಆಚೆ ಈಚೆ ಅರ್ಧ ಇಂಚು ವ್ಯತ್ಯಾಸ ಇರುವ ಇಬ್ಬರು ಬೇರೆ ಜಾತಿಯವರಾಗಿಬಿಡುತ್ತಾರೆ. ಐದೂವರೆ ಅಡಿಯವರು ಮತ್ತು ಆರಡಿಯವರು ಒಂದೇ ಆಗುತ್ತಾರೆ. ಸ್ವಭಾವವೂ ಹಾಗೆಯೇ. ಬಹಳಷ್ಟು ಜನ ನಡುವೆ ಇರುತ್ತಾರೆ. ಸ್ವಲ್ಪ ಮಾತುಗಾರರು, ಸ್ವಲ್ಪ ಮೌನಿಗಳು. ನಡುವೆಯೇ ಗೆರೆ ಎಳೆದರೆ ಇವತ್ತು ಈ ಕಡೆ, ಮುಂದಿನ ತಿಂಗಳು ಆ ಕಡೆ. ಡೇವಿಡ್ ಪಿಟೆಂಜರ್ 1993ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಜೋಡಿಸಿ ನೋಡಿದರು. ಐದು ವಾರದ ನಂತರ ಮತ್ತೆ ಪರೀಕ್ಷೆ ತೆಗೆದುಕೊಂಡರೆ ಅರ್ಧದಷ್ಟು ಜನರಿಗೆ ಬೇರೆ ಬಗೆ ಬರಬಹುದು ಎಂದು ಅವರಿಗೆ ಕಂಡಿತು. ಐದು ವಾರದಲ್ಲಿ ಬದಲಾಗುವ ಹಣೆಪಟ್ಟಿಯನ್ನು ನಂಬಿ ಒಬ್ಬರ ಕೆಲಸ ತೀರ್ಮಾನ ಮಾಡುವುದು ಹೇಗೆ?

ಇನ್ನೊಂದು ಮಾತು ಏಜೆನ್ಸಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಎಂಬಿಟಿಐ ಪ್ರಕಟಿಸುವ ಕಂಪನಿಯೇ ಇದನ್ನು ಆಯ್ಕೆಗೆ ಬಳಸಬಾರದು ಎನ್ನುತ್ತದೆ. ಯಾರಾದರೂ ಸಂದರ್ಶನಕ್ಕೆ ಮುಂಚೆ ಎಂಬಿಟಿಐ ಮಾಡಿಸೋಣ ಅಂದರೆ ಇಷ್ಟು ಹೇಳಿದರೆ ಸಾಕು.

ಹಾಗಾದರೆ ಜನರಿಗೆ ಇದು ಅಷ್ಟು ಸರಿ ಅನ್ನಿಸುವುದು ಯಾಕೆ? 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ಆಮೇಲೆ ಒಬ್ಬೊಬ್ಬರಿಗೂ ಅವರದೇ ಫಲಿತಾಂಶ ಎಂದು ಒಂದು ಹಾಳೆ ಹಂಚಿದರು. ಎಷ್ಟು ಸರಿಯಿದೆ ಎಂದು ಐದಕ್ಕೆ ಅಂಕ ಕೊಡಿ ಅಂದರು. ಸರಾಸರಿ ನಾಲ್ಕಕ್ಕೂ ಜಾಸ್ತಿ ಬಂತು. ಆದರೆ ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ಬರಹ. ವಾಕ್ಯಗಳನ್ನು ಅವರು ಹೆಚ್ಚಾಗಿ ಆರಿಸಿಕೊಂಡದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ. "ನೀವು ಹೊರಗೆ ಶಿಸ್ತಿನವರಂತೆ ಕಂಡರೂ ಒಳಗೊಳಗೆ ಚಿಂತೆ ಮಾಡುತ್ತೀರಿ" ಎಂಬ ಧಾಟಿಯ ಮಾತು ಯಾರಿಗೆ ಒಪ್ಪುವುದಿಲ್ಲ ಹೇಳಿ? ವರದಿ ಓದಿ "ಅರೆ, ಇದು ನಾನೇ" ಅನ್ನಿಸಿದರೆ ಪರೀಕ್ಷೆ ಸರಿಯಾಗಿದೆ ಎಂದು ಅರ್ಥವಲ್ಲ.

ತಂಡದ ಮಾತುಕತೆಗೆ ಎಂಬಿಟಿಐ ಬಳಸಿದರೆ ನನ್ನ ತಕರಾರಿಲ್ಲ. "ನನಗೆ ಮೀಟಿಂಗಿನಲ್ಲಿ ತಕ್ಷಣ ಉತ್ತರ ಕೊಡಲು ಆಗುವುದಿಲ್ಲ, ಮೊದಲೇ ಬರೆದು ಕಳಿಸಿದರೆ ಯೋಚಿಸಿ ಬರುತ್ತೇನೆ" ಎಂದು ಒಬ್ಬರು ಬಾಯಿಬಿಟ್ಟು ಹೇಳುವಂತಾದರೆ ಒಳ್ಳೆಯದೇ. ಆದರೆ ಫಲಿತಾಂಶ ಅವರವರ ಬಳಿಯೇ ಇರಲಿ. ಎಚ್‌ಆರ್ ಫೈಲಿಗೆ ಹೋಗಬಾರದು, ಮ್ಯಾನೇಜರ್ ಕೈಗೂ ಹೋಗಬಾರದು. ಹೋದ ಮೇಲೆ "ಅವಳು ಇಂಟ್ರೋವರ್ಟ್, ಕ್ಲೈಂಟ್ ಕಾಲ್‌ಗೆ ಬೇಡ" ಎಂಬ ಮಾತು ಶುರುವಾಗುತ್ತದೆ. ಅಂದ ಹಾಗೆ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ 16 ಪರ್ಸನಾಲಿಟೀಸ್ ಎಂಬುದು ಎಂಬಿಟಿಐ ಅಲ್ಲ. ಅಕ್ಷರಗಳು ಒಂದೇ ಥರ ಇವೆ, ಅಷ್ಟೇ.

ಡಿಸ್ಕ್: ಅಂಕ ಹೇಗೆ ಬರುತ್ತದೆ ಎಂದು ನೋಡಿ

ಸೇಲ್ಸ್ ತರಬೇತಿಗಳಲ್ಲಿ ಡಿಸ್ಕ್ ತುಂಬ ಓಡುತ್ತದೆ. ಇದರ ನಾಲ್ಕು ಗುಣಗಳ ಕಲ್ಪನೆ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರದು, 1928ರದು. ಅವರು ಪರೀಕ್ಷೆ ತಯಾರಿಸಲಿಲ್ಲ. ಅವರ ವಿಚಾರ ಹಿಡಿದುಕೊಂಡು ಪರೀಕ್ಷೆ ಮಾಡಿದವರು ನಂತರದವರು. ಇದೇ ಮಾರ್ಸ್ಟನ್ 1941ರಲ್ಲಿ ವಂಡರ್ ವುಮನ್ ಎಂಬ ಕಾಮಿಕ್ಸ್ ಪಾತ್ರವನ್ನೂ ಹುಟ್ಟುಹಾಕಿದರು. ಮುನ್ನುಗ್ಗುವ ಗುಣ, ಜನರನ್ನು ಒಲಿಸುವ ಗುಣ, ಸ್ಥಿರವಾಗಿರುವ ಗುಣ, ನಿಯಮಕ್ಕೆ ಬದ್ಧವಾಗಿರುವ ಗುಣ, ಇವು ನಾಲ್ಕು.

ಹಲವು ಡಿಸ್ಕ್ ಪರೀಕ್ಷೆಗಳ ಪ್ರಶ್ನೆ ಹೀಗಿರುತ್ತದೆ. ನಾಲ್ಕು ಪದ ಕೊಡುತ್ತಾರೆ: ಧೈರ್ಯವಂತ, ಮಾತುಗಾರ, ತಾಳ್ಮೆಯವ, ಅಚ್ಚುಕಟ್ಟಿನವ. ನಿಮಗೆ ಅತಿ ಹೆಚ್ಚು ಹೊಂದುವುದು ಯಾವುದು, ಅತಿ ಕಡಿಮೆ ಹೊಂದುವುದು ಯಾವುದು, ಗುರುತು ಮಾಡಿ. ಇಂಥ ಪ್ರಶ್ನೆಗಳು ಸಾಲಾಗಿ ಬರುತ್ತವೆ.

ನೋಡಲು ಚೆನ್ನಾಗಿದೆ. ಆದರೆ ಒಂದು ಗುಣಕ್ಕೆ ಅಂಕ ಹೋದರೆ ಇನ್ನೊಂದಕ್ಕೆ ತಪ್ಪುತ್ತದೆ. ಕೊನೆಗೆ ಎಲ್ಲರ ಒಟ್ಟು ಅಂಕವೂ ಒಂದೇ. ಧೈರ್ಯ, ತಾಳ್ಮೆ, ಅಚ್ಚುಕಟ್ಟು ಎಲ್ಲವೂ ಧಾರಾಳವಾಗಿ ಇರುವ ಹುಡುಗಿ ಒಬ್ಬಳು, ಮೂರೂ ಅಷ್ಟಕ್ಕಷ್ಟೇ ಇರುವ ಹುಡುಗ ಒಬ್ಬ ಅಂದುಕೊಳ್ಳಿ. ಅವಳೊಳಗೆ ತಾಳ್ಮೆಗಿಂತ ಧೈರ್ಯ ಸ್ವಲ್ಪ ಜಾಸ್ತಿ, ಅವನೊಳಗೂ ಹಾಗೇ. ಇಬ್ಬರ ವರದಿಯೂ ಒಂದೇ ಬರುತ್ತದೆ. ಈ ಪರೀಕ್ಷೆ ಹೇಳುವುದು ಒಬ್ಬರೊಳಗೆ ಯಾವ ಗುಣ ಮುಂದೆ, ಯಾವುದು ಹಿಂದೆ ಎಂಬುದನ್ನು ಮಾತ್ರ. ಇವಳು ಅವನಿಗಿಂತ ಮೇಲೋ ಕೆಳಗೋ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ನೇಮಕಾತಿಯಲ್ಲಿ ನಾವು ಮಾಡುವುದಾದರೂ ಏನು? ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸುವುದೇ ಅಲ್ವಾ? ಈ ಒಂದು ಕಾರಣಕ್ಕೇ ಆ ಮಾದರಿಯ ಪರೀಕ್ಷೆಗಳನ್ನು ಆಯ್ಕೆಗೆ ಇಟ್ಟುಕೊಳ್ಳಬಾರದು. ಏಜೆನ್ಸಿಯವರು ಬಂದಾಗ ಮೊದಲು ಒಂದು ಪ್ರಶ್ನೆಯನ್ನು ತೆರೆದು ನೋಡಿ. "ಹೆಚ್ಚು, ಕಡಿಮೆ" ಆರಿಸುವ ಬಗೆಯಾದರೆ, ಇಬ್ಬರನ್ನು ಇದರಿಂದ ಹೋಲಿಸಲು ಬರುತ್ತದೆ ಎಂಬುದಕ್ಕೆ ಏನು ಆಧಾರ ಎಂದು ಕೇಳಿ.

ಗ್ಯಾಲಪ್ ಸಂಸ್ಥೆಯ ಕ್ಲಿಫ್ಟನ್‌ಸ್ಟ್ರೆಂತ್ಸ್ ಸಹ ಒಬ್ಬರೊಳಗಿನ ಕ್ರಮವನ್ನೇ ಹೇಳುತ್ತದೆ. ಮೂವತ್ತನಾಲ್ಕು ಗುಣಗಳಲ್ಲಿ ನಿಮ್ಮವು ಯಾವುವು ಮುಂದೆ ಎಂದು. ಬೆಳವಣಿಗೆಯ ಮಾತುಕತೆಗೆ ನನಗೆ ಇದು ಇಷ್ಟವೇ, ಯಾಕೆಂದರೆ ಕೊರತೆಯಿಂದ ಮಾತು ಶುರುವಾಗುವುದಿಲ್ಲ. ಆಯ್ಕೆಗೆ ಬೇಡ.

ಎನಿಯಗ್ರಾಮ್ ಎಂಬ ಒಂಬತ್ತು ಬಗೆಯ ಪದ್ಧತಿಗೆ ಕೆಲಸದ ಮಟ್ಟಿಗೆ ಗಟ್ಟಿ ಆಧಾರವಿಲ್ಲ. ಕೈಬರಹ ನೋಡಿ ಸ್ವಭಾವ ಹೇಳುವವರ ಬಳಿಗಂತೂ ಹೋಗಲೇಬೇಡಿ. 1998ರಲ್ಲಿ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಎಂಬತ್ತೈದು ವರ್ಷಗಳ ಸಂಶೋಧನೆಯನ್ನು ಕೂಡಿಸಿ ನೋಡಿದಾಗ, ಕೈಬರಹಕ್ಕೂ ಕೆಲಸದ ಗುಣಮಟ್ಟಕ್ಕೂ ಇರುವ ಸಂಬಂಧ ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ 0.02 ಬಂತು. ಅಂದರೆ ಸೊನ್ನೆ.

ಬಿಗ್ ಫೈವ್: ಆಧಾರ ಇದೆ, ಆದರೆ ಎಷ್ಟು?

ಇದು ಬೇರೆ ದಾರಿಯಲ್ಲಿ ಬಂದದ್ದು. ಜನರ ಸ್ವಭಾವದ ಬಗ್ಗೆ ಭಾಷೆಯಲ್ಲಿ ಎಷ್ಟು ಪದಗಳಿವೆ ಎಂದು 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್ ಇಂಗ್ಲಿಷ್ ನಿಘಂಟು ತೆರೆದು ಎಣಿಸಿದರು. ಸುಮಾರು 18,000 ಸಿಕ್ಕವು. ಮುಂದಿನ ದಶಕಗಳಲ್ಲಿ ಬೇರೆ ಬೇರೆ ಸಂಶೋಧಕರು ಯಾವ ಪದ ಯಾವುದರ ಜೊತೆ ಹೋಗುತ್ತದೆ ಎಂದು ಲೆಕ್ಕ ಹಾಕುತ್ತಾ ಬಂದರು. ಮತ್ತೆ ಮತ್ತೆ ಐದು ಗುಂಪು ಕಾಣಿಸಿಕೊಂಡವು: ಹೊಸತಿಗೆ ತೆರೆದುಕೊಳ್ಳುವುದು, ಹೊಣೆಗಾರಿಕೆ, ಜನರೊಡನೆ ಬೆರೆಯುವುದು, ಇನ್ನೊಬ್ಬರಿಗೆ ಹೊಂದಿಕೊಳ್ಳುವುದು, ಬೇಗ ಕಳವಳಗೊಳ್ಳುವುದು. ಇಲ್ಲಿ ಪಂಗಡವಿಲ್ಲ. ಪ್ರತಿ ಗುಣಕ್ಕೂ ಒಂದು ಅಳತೆ, ನೀವು ಅದರಲ್ಲಿ ಎಲ್ಲೋ ಒಂದು ಕಡೆ.

ದುಡ್ಡು ಕೊಡದೆ ಇದನ್ನು ಬಳಸಬಹುದು. ಲೂಯಿಸ್ ಗೋಲ್ಡ್‌ಬರ್ಗ್ ಶುರುಮಾಡಿದ ಐಪಿಐಪಿ ಎಂಬ ಪ್ರಶ್ನೆಗಳ ಸಂಗ್ರಹ ಸಾರ್ವಜನಿಕವಾಗಿದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಹೊಣೆಗಾರಿಕೆಯನ್ನು ಅಳೆಯುವ ಸಾಲುಗಳು ಹೀಗಿವೆ: "ನಾನು ಯಾವಾಗಲೂ ಸಿದ್ಧವಾಗಿರುತ್ತೇನೆ." "ಸಣ್ಣ ವಿವರಗಳಿಗೂ ಗಮನ ಕೊಡುತ್ತೇನೆ." "ನನ್ನ ವಸ್ತುಗಳನ್ನು ಅಲ್ಲಲ್ಲೇ ಬಿಟ್ಟುಬಿಡುತ್ತೇನೆ." ಒಂದರಿಂದ ಐದರವರೆಗೆ ಎಷ್ಟು ಒಪ್ಪುತ್ತೀರಿ ಎಂದು ಗುರುತು ಹಾಕಬೇಕು. ಮೂರನೆಯ ಸಾಲಿಗೆ ಅಂಕ ಉಲ್ಟಾ.

ಈಗ ನಿಮಗೆ ಕೆಲಸ ತುಂಬ ಅಗತ್ಯ ಇದೆ ಅಂದುಕೊಳ್ಳಿ. ಆ ಮೂರು ಸಾಲಿಗೆ ಏನು ಹಾಕುತ್ತೀರಿ? ಐದು, ಐದು, ಒಂದು. ಯಾರಾದರೂ ಹಾಗೇ ಹಾಕುತ್ತಾರೆ. ಅದನ್ನು ಸುಳ್ಳು ಎಂದು ಬೈಯಲು ನನಗೆ ಮನಸ್ಸಿಲ್ಲ. ಸಂದರ್ಶನಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುತ್ತೇವಲ್ಲ, ಇದೂ ಅದೇ ಮನಸ್ಥಿತಿ. ಆದರೆ ಇದರಿಂದ ಪ್ರಾಮಾಣಿಕವಾಗಿ "ನಾಲ್ಕು, ಮೂರು, ಎರಡು" ಹಾಕಿದವರಿಗೆ ನಷ್ಟವಾಗುತ್ತದೆ. ಆ ನಷ್ಟ ನನ್ನನ್ನು ಕಾಡುತ್ತದೆ. 2007ರಲ್ಲಿ ಈ ಕ್ಷೇತ್ರದ ಸಂಶೋಧನಾ ಪತ್ರಿಕೆಗಳ ಸಂಪಾದಕರಾಗಿದ್ದ ಕೆಲವರು ಒಟ್ಟಾಗಿ, ಅಭ್ಯರ್ಥಿಯೇ ತನ್ನ ಬಗ್ಗೆ ತುಂಬುವ ಇಂಥ ಪಟ್ಟಿಗಳನ್ನು ಆಯ್ಕೆಗೆ ಬಳಸುವ ಬಗ್ಗೆ ಮತ್ತೆ ಯೋಚಿಸಬೇಕು ಎಂದು ಬರೆದರು.

ಹಾಗಾದರೂ ಇದನ್ನು ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ. 1991ರಲ್ಲಿ ಮರ್ರೆ ಬ್ಯಾರಿಕ್ ಮತ್ತು ಮೈಕೆಲ್ ಮೌಂಟ್ 117 ಅಧ್ಯಯನಗಳನ್ನು ಕೂಡಿಸಿ ನೋಡಿದರು. ಪೊಲೀಸರು, ಮ್ಯಾನೇಜರುಗಳು, ಸೇಲ್ಸ್‌ನವರು, ಕುಶಲ ಕಾರ್ಮಿಕರು, ಯಾರನ್ನೇ ನೋಡಿದರೂ ಹೊಣೆಗಾರಿಕೆಯ ಅಂಕಕ್ಕೂ ಕೆಲಸದ ಗುಣಮಟ್ಟಕ್ಕೂ ಸಂಬಂಧ ಕಂಡಿತು. ಜನರೊಡನೆ ಬೆರೆಯುವ ಗುಣ ಸೇಲ್ಸ್ ಮತ್ತು ಮ್ಯಾನೇಜರ್ ಕೆಲಸಗಳಿಗೆ ಸ್ವಲ್ಪ ಕೂಡಿಬಂತು.

ಸಂಬಂಧ ಎಷ್ಟು ಗಟ್ಟಿ? ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಹಳೆಯ ಲೆಕ್ಕಗಳನ್ನು ತಿದ್ದಿ ಮತ್ತೆ ಹಾಕಿದರು. ಸೊನ್ನೆ ಅಂದರೆ ಸಂಬಂಧವೇ ಇಲ್ಲ, ಒಂದು ಅಂದರೆ ಪೂರ್ತಿ ಸಂಬಂಧ. ಅವರ ಲೆಕ್ಕದಲ್ಲಿ ಹೊಣೆಗಾರಿಕೆಗೆ ಬಂದದ್ದು 0.19. ಕೆಲಸ ಮಾಡಿಸಿ ನೋಡುವುದಕ್ಕೆ 0.33. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಂಕಪಟ್ಟಿ ಇರುವ ಸಂದರ್ಶನಕ್ಕೆ 0.42. ಸುಮ್ನೆ ಹಾಗೇ ಮಾತಾಡಿಸುವ ಸಂದರ್ಶನಕ್ಕೆ 0.19.

ಈ ಸಂಖ್ಯೆಗಳು ಕೈಗೆ ಸಿಗಬೇಕಾದರೆ ಹೀಗೆ ನೋಡಿ. ನೂರು ಸಲ, ಇಬ್ಬಿಬ್ಬರಲ್ಲಿ ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆ ಎಂದು ಊಹಿಸಬೇಕು. ನಾಣ್ಯ ಚಿಮ್ಮಿದರೆ ಐವತ್ತು ಸಲ ಸರಿಯಾಗುತ್ತದೆ. ಹೊಣೆಗಾರಿಕೆಯ ಅಂಕ ನೋಡಿ ಹೇಳಿದರೆ ಸುಮಾರು 56 ಸಲ. ಕೆಲಸ ಮಾಡಿಸಿ ನೋಡಿದರೆ ಸುಮಾರು 61 ಸಲ. ಅಚ್ಚುಕಟ್ಟಾದ ಸಂದರ್ಶನದಿಂದ ಸುಮಾರು 64 ಸಲ. ಯಾವುದೂ ಮಂತ್ರವಲ್ಲ. ಆದರೆ 56ಕ್ಕೆ ದುಡ್ಡು ಸುರಿದು 64ನ್ನು ಕೈಬಿಡುವುದರಲ್ಲಿ ಅರ್ಥವಿಲ್ಲ. ಮತ್ತೆ, ಬಾಗಿಲಲ್ಲೇ ಜನರನ್ನು ಸೋಸಲು ಈ 56ರ ಜರಡಿ ಹಿಡಿದರೆ ಎಷ್ಟು ಒಳ್ಳೆಯವರು ಹೊರಗೇ ಉಳಿಯುತ್ತಾರೆ, ಯೋಚಿಸಿ. ಕ್ಯಾಂಪಸ್ ನೇಮಕಾತಿಯಲ್ಲಿ ಹೀಗೆ ಮೊದಲ ಹಂತದಲ್ಲೇ ವ್ಯಕ್ತಿತ್ವದ ಅಂಕ ನೋಡಿ ತೆಗೆದುಹಾಕುವುದನ್ನು ನಾನು ಒಪ್ಪುವುದಿಲ್ಲ.

ನಮ್ಮ ಕಡೆಯ ಇನ್ನೊಂದು ತೊಂದರೆ ಇದೆ. ಹಾವೇರಿ ಜಿಲ್ಲೆಯ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಯ ಮುಂದೆ ಇಂಗ್ಲಿಷ್ ಪರೀಕ್ಷೆ ಇಡುತ್ತೀರಿ. ಒಂದು ಸಾಲು: "ನಾನು ಜಾಸ್ತಿ ಮಾತಾಡುವುದಿಲ್ಲ." ಅವಳು ಗೆಳತಿಯರ ನಡುವೆ ವಟವಟ ಮಾತಾಡುವವಳು. ದೊಡ್ಡವರ ಮುಂದೆ ಬಾಯಿ ಬಿಡದವಳು, ಹಾಗೇ ಬೆಳೆಸಿದ್ದಾರೆ. ಯಾವುದನ್ನು ನೆನೆದು ಗುರುತು ಹಾಕಬೇಕು? ಪರೀಕ್ಷೆ ಅದನ್ನು ಹೇಳುವುದಿಲ್ಲ. ಮೇಲಧಿಕಾರಿ ನೋಡುತ್ತಾರೆ ಎಂಬ ಹೆದರಿಕೆಯಲ್ಲಿ ಎಲ್ಲಕ್ಕೂ "ಒಪ್ಪುತ್ತೇನೆ" ಎಂದು ಹಾಕುವವರೂ ಇದ್ದಾರೆ. ಕಡಿಮೆ ಮತ್ತು ಮಧ್ಯಮ ಆದಾಯದ 23 ದೇಶಗಳ ಸಮೀಕ್ಷೆಗಳನ್ನು 2019ರಲ್ಲಿ ಪರಿಶೀಲಿಸಿದಾಗ, ಎದುರು ಕೂತು ಕೇಳಿದ ಬಿಗ್ ಫೈವ್ ಪ್ರಶ್ನೆಗಳು ಆ ಐದು ಗುಣಗಳನ್ನು ಸರಿಯಾಗಿ ಹಿಡಿಯುತ್ತಲೇ ಇರಲಿಲ್ಲ. ಏನೇ ಕೇಳಿದರೂ ಒಪ್ಪಿಬಿಡುವ ಅಭ್ಯಾಸ ಅದಕ್ಕೆ ಒಂದು ಕಾರಣ. ಅಮೆರಿಕದ ಕಾಲೇಜು ಹುಡುಗರಿಗೆ ಹೊಂದಿದ್ದು ಎಲ್ಲರಿಗೂ ಹೊಂದುತ್ತದೆ ಎಂದು ನಂಬಬಾರದು.

ಬಳಸಲೇಬೇಕಾದರೆ ಮೂರು ಮಾತು. ಅಭ್ಯರ್ಥಿಗೆ ಸಲೀಸಾದ ಭಾಷೆಯಲ್ಲಿ ಕೊಡಿ, ಅನುವಾದವನ್ನು ನಾಲ್ಕು ಜನರಿಗೆ ಕೊಟ್ಟು ಅವರಿಗೆ ಏನು ಅರ್ಥವಾಯಿತು ಎಂದು ಕೇಳಿ ನೋಡಿ. ಪ್ರತಿ ಸಾಲಿಗೂ "ಕೆಲಸದ ಜಾಗದಲ್ಲಿ" ಎಂದು ಸೇರಿಸಿ, ಅದರಿಂದ ಪರೀಕ್ಷೆಯ ಬಲ ಸ್ವಲ್ಪ ಹೆಚ್ಚುತ್ತದೆ. ಮತ್ತು ಅಂಕ ನೋಡಿ ಯಾರನ್ನೂ ತೆಗೆಯಬೇಡಿ, ಸಂದರ್ಶನದಲ್ಲಿ ಏನು ಕೇಳಬೇಕು ಎಂಬುದಕ್ಕೆ ಮಾತ್ರ ಇಟ್ಟುಕೊಳ್ಳಿ.

ಹೋಗನ್, 16ಪಿಎಫ್ ಥರದ ವೃತ್ತಿಪರ ವ್ಯಕ್ತಿತ್ವ ಪರೀಕ್ಷೆಗಳನ್ನು ತರಬೇತಿ ಪಡೆದವರೇ ನಡೆಸಬೇಕು. ಹಿರಿಯ ಹುದ್ದೆಗಳಿಗೆ, ದುಡ್ಡೂ ತಿಳಿದವರೂ ಇದ್ದರೆ ಸರಿ. ಕೆನಡಾದ ಮೈಕೆಲ್ ಆಷ್ಟನ್ ಮತ್ತು ಕಿಬಿಯೊಮ್ ಲೀ ರೂಪಿಸಿದ ಹೆಕ್ಸಾಕೊ ಮಾದರಿ ಈ ಐದಕ್ಕೆ ಪ್ರಾಮಾಣಿಕತೆ ಮತ್ತು ವಿನಯ ಎಂಬ ಆರನೆಯ ಗುಣ ಸೇರಿಸುತ್ತದೆ. ಹಣ ಕೈಗೆ ಬರುವ ಹುದ್ದೆಗಳಿಗೆ ಒಳ್ಳೆಯ ಕಲ್ಪನೆ. ಆದರೆ "ನೀವು ಪ್ರಾಮಾಣಿಕರೇ" ಎಂದು ಅಭ್ಯರ್ಥಿಯನ್ನೇ ಕೇಳುವ ಕಷ್ಟ ಅಲ್ಲೂ ಇದೆ.

ಎಂಎಂಪಿಐ ಮಾತ್ರ ಬೇಡವೇ ಬೇಡ. ಅದು ಮಾನಸಿಕ ಕಾಯಿಲೆ ಗುರುತಿಸಲು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಅದರ ಜಾಗ ನಿಮ್ಹಾನ್ಸ್‌ನಂಥ ಆಸ್ಪತ್ರೆ, ಕ್ಲಿನಿಕಲ್ ಸೈಕಾಲಜಿಸ್ಟ್ ಕೋಣೆ. ಅಮೆರಿಕದಲ್ಲಿ ರೆಂಟ್-ಎ-ಸೆಂಟರ್ ಎಂಬ ಕಂಪನಿ ಬಡ್ತಿ ಕೊಡಲು ಇದನ್ನು ಬಳಸಿತ್ತು. 2005ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಇದು ವೈದ್ಯಕೀಯ ಪರೀಕ್ಷೆ, ಹೀಗೆ ಬಳಸುವುದು ಕಾನೂನಿಗೆ ವಿರುದ್ಧ ಎಂದಿತು.

ಐದು ದಿನ ತೆಗೆದುಕೊಳ್ಳುವವರು

ಸೇನೆಯ ಅಧಿಕಾರಿಗಳ ಆಯ್ಕೆಯಲ್ಲಿ ವ್ಯಕ್ತಿತ್ವವೇ ಮುಖ್ಯ. ನಮ್ಮ ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಆಯ್ಕೆ ಕೇಂದ್ರಗಳಿವೆ. ಎಸ್‌ಎಸ್‌ಬಿ ಎಂಬ ಈ ಆಯ್ಕೆ ಮಂಡಳಿಗೆ ಹೋದವರನ್ನು ಕೇಳಿ ನೋಡಿ. ಒಂದು ಪದ ತೆರೆಯ ಮೇಲೆ ಬರುತ್ತದೆ, ಹದಿನೈದು ಸೆಕೆಂಡಿನಲ್ಲಿ ಒಂದು ವಾಕ್ಯ ಬರೆಯಬೇಕು. ಹೀಗೆ ಅರವತ್ತು ಪದ. ಚಿತ್ರ ನೋಡಿ ಕತೆ ಬರೆಯಬೇಕು. ಆದರೆ ಅಷ್ಟಕ್ಕೇ ಯಾರನ್ನೂ ಆರಿಸುವುದಿಲ್ಲ. ಮನಶ್ಶಾಸ್ತ್ರಜ್ಞರು ಬರಹ ನೋಡುತ್ತಾರೆ. ಇನ್ನೊಬ್ಬ ಅಧಿಕಾರಿ ಬಯಲಿನಲ್ಲಿ ಹಗ್ಗ, ಹಲಗೆ ಕೊಟ್ಟು ಗುಂಪಾಗಿ ಅಡ್ಡಿ ದಾಟಿಸುತ್ತಾರೆ. ಮೂರನೆಯವರು ಸಂದರ್ಶನ ಮಾಡುತ್ತಾರೆ. ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ತಿಳಿಯದ ಹಾಗೆ ಅಂಕ ಹಾಕಿ, ಐದನೆಯ ದಿನ ಒಟ್ಟಿಗೆ ಕೂತು ತೀರ್ಮಾನಿಸುತ್ತಾರೆ. ವ್ಯಕ್ತಿತ್ವವನ್ನು ಇಷ್ಟು ನೆಚ್ಚಿಕೊಂಡವರೇ ಬರೀ ಕಾಗದ ನೋಡಿ ಬಿಡುವುದಿಲ್ಲ. ನಮಗೆ ಐದು ದಿನ ಸಿಗಲಾರದು, ಆದರೆ ಒಂದೂವರೆ ಗಂಟೆ ಸಿಗುತ್ತದೆ.

ಒಂದೂವರೆ ಗಂಟೆಯಲ್ಲಿ ಏನು ಮಾಡಬಹುದು

ಹುಬ್ಬಳ್ಳಿಯ ಆಫೀಸಿಗೆ ಒಬ್ಬ ಅಕೌಂಟ್ಸ್ ಸಹಾಯಕ ಬೇಕು. ಹತ್ತು ಖರೀದಿ ಬಿಲ್ ಕೊಡಿ, ಟ್ಯಾಲಿಯಲ್ಲಿ ಎಂಟ್ರಿ ಮಾಡಲು ನಲವತ್ತು ನಿಮಿಷ. ಎರಡು ಬಿಲ್ಲಿನಲ್ಲಿ ತಪ್ಪು ಇಟ್ಟಿರಿ. ಒಂದು ಮಹಾರಾಷ್ಟ್ರದ ಪೂರೈಕೆದಾರರದು, ಬೇರೆ ರಾಜ್ಯದ ಸರಕಿನ ತೆರಿಗೆಯಾದ ಐಜಿಎಸ್‌ಟಿ ಹಾಕಬೇಕಾದ ಜಾಗದಲ್ಲಿ ರಾಜ್ಯದೊಳಗಿನ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಇರಲಿ. ಇನ್ನೊಂದು, ಒಂದೇ ಬಿಲ್ ನಂಬರ್ ಎರಡು ಸಲ ಬಂದಿರಲಿ. ಅಂಕಪಟ್ಟಿ ಮೊದಲೇ ಬರೆದಿಡಿ: ಎಂಟ್ರಿ ಸರಿಯಿದೆಯೇ, ತಪ್ಪು ಕಣ್ಣಿಗೆ ಬಿತ್ತೇ, ಬಿದ್ದದ್ದನ್ನು ಯಾರಿಗಾದರೂ ಹೇಳಿದರೇ. ಈ ಕೊನೆಯದು ನನಗೆ ಬಹಳ ಮುಖ್ಯ. ತಪ್ಪು ಕಂಡರೂ ಸುಮ್ಮನೆ ಮುಂದೆ ಹೋಗುವವರಿದ್ದಾರೆ, ಎದ್ದು ಬಂದು "ಸಾರ್, ಇದು ಎರಡು ಸಲ ಇದೆ ನೋಡಿ" ಎನ್ನುವವರಿದ್ದಾರೆ. "ಸಣ್ಣ ವಿವರಗಳಿಗೂ ಗಮನ ಕೊಡುತ್ತೇನೆ" ಎಂಬ ಸಾಲಿಗೆ ಐದು ಹಾಕಿದವರಲ್ಲಿ ಯಾರು ನಿಜ ಎಂದು ಇಲ್ಲಿ ಕಣ್ಣೆದುರೇ ಕಾಣುತ್ತದೆ.

ಆಮೇಲೆ ಸಂದರ್ಶನ. ಆರು ಪ್ರಶ್ನೆ, ಎಲ್ಲರಿಗೂ ಅವೇ, ಅದೇ ಕ್ರಮದಲ್ಲಿ. "ಹಿಂದಿನ ಕೆಲಸದಲ್ಲಿ ನಿಮ್ಮಿಂದ ಆಗದ ಗಡುವು ಬಂದಾಗ ಏನು ಮಾಡಿದಿರಿ?" ಎಂಬುದು ಒಂದು. "ಮಾಲೀಕರೇ ಬಂದು ಬಿಲ್ಲಿಗೆ ಹಿಂದಿನ ತಿಂಗಳ ದಿನಾಂಕ ಹಾಕು ಅಂದರೆ?" ಎಂಬುದು ಇನ್ನೊಂದು. ಪ್ರತಿ ಪ್ರಶ್ನೆಗೂ ಒಂದು ಅಂಕಕ್ಕೆ ಎಂಥ ಉತ್ತರ, ಮೂರಕ್ಕೆ ಎಂಥದು, ಐದಕ್ಕೆ ಎಂಥದು ಎಂದು ಮೊದಲೇ ಬರೆದಿಟ್ಟಿರಬೇಕು. ಇಬ್ಬರು ಕೂತು ಬೇರೆ ಬೇರೆಯಾಗಿ ಅಂಕ ಹಾಕಿ, ಆಮೇಲೆ ಹೋಲಿಸಿ. ಕೆಲಸಕ್ಕೆ ಇಂಗ್ಲಿಷ್ ಬೇಡವಾದರೆ ಕನ್ನಡದಲ್ಲೇ ಕೇಳಿ. ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ, ಮದುವೆ ಯಾವಾಗ ಎಂಬ ಮಾತು ಬೇಡ. ಅಲ್ಲಿಂದಲೇ ಪಕ್ಷಪಾತ ನುಸುಳುವುದು.

ಸೇಲ್ಸ್‌ಗಾದರೆ ನಿಮ್ಮದೇ ಸರಕನ್ನು ಕೊಟ್ಟು, ಸಿಟ್ಟಾದ ಗಿರಾಕಿಯಾಗಿ ನೀವೇ ಎದುರು ಕೂತುಕೊಳ್ಳಿ. ಟೀಮ್ ಲೀಡ್ ಬಡ್ತಿಗೆ ಪರೀಕ್ಷೆಯೇ ಬೇಡ. ಅವರು ಕೆಲಸ ಮಾಡಿದ ವರ್ಷಗಳು ನಿಮ್ಮ ಮುಂದೆಯೇ ಇವೆ. ಮೂರು ತಿಂಗಳು ಒಂದು ಸಣ್ಣ ಕೆಲಸದ ಹೊಣೆ ಕೊಟ್ಟು ನೋಡಿ. ತಂಡದಲ್ಲಿ ಜಗಳ ಇದ್ದರೆ, ಯಾವ ಪರೀಕ್ಷೆ ತರುವ ಮೊದಲೂ ಜಗಳ ಯಾತಕ್ಕೆ ಎಂದು ಕೇಳಿ. ಎಷ್ಟೋ ಸಲ ಅದು ಸ್ವಭಾವದ ಜಗಳ ಆಗಿರುವುದೇ ಇಲ್ಲ. ಒಂದೇ ಕೆಲಸವನ್ನು ಇಬ್ಬರಿಗೆ ಒಪ್ಪಿಸಿರುತ್ತಾರೆ, ಅಥವಾ ಮೂವರ ಕೆಲಸವನ್ನು ಒಬ್ಬರ ಮೇಲೆ ಹೇರಿರುತ್ತಾರೆ.

ಏಜೆನ್ಸಿಯವರಿಗೆ ಕೇಳಬೇಕಾದ್ದು

ಪರೀಕ್ಷೆಯ ತಾಂತ್ರಿಕ ಕೈಪಿಡಿ ಕೊಡಿ ಅನ್ನಿ. ಬಣ್ಣದ ಬ್ರೋಷರ್ ಅಲ್ಲ. ಇಲ್ಲ ಅಂದರೆ ಮಾತು ಅಲ್ಲಿಗೇ ಮುಗಿಸಿ. ಇದ್ದರೆ ಹುಡುಕಬೇಕಾದದ್ದು: ಎರಡನೇ ಸಲ ಬರೆದರೆ ಅಂಕ ಎಷ್ಟು ಹೋಲುತ್ತದೆ, ಯಾವ ಕೆಲಸದವರ ಮೇಲೆ ಪರೀಕ್ಷಿಸಿದ್ದಾರೆ, ಆ ಅಂಕಕ್ಕೂ ಕೆಲಸದ ಗುಣಮಟ್ಟಕ್ಕೂ ಎಷ್ಟು ಸಂಬಂಧ ಸಿಕ್ಕಿದೆ. "ಈ ಅಭ್ಯರ್ಥಿ ನೂರರಲ್ಲಿ ಎಪ್ಪತ್ತು ಜನರಿಗಿಂತ ಮುಂದೆ" ಎಂದು ವರದಿಯಲ್ಲಿ ಇರುತ್ತದಲ್ಲ, ಆ ನೂರು ಜನ ಯಾರು ಎಂದು ತಪ್ಪದೆ ಕೇಳಿ. ಬೇರೆ ದೇಶದ ಮ್ಯಾನೇಜರುಗಳ ಜೊತೆ ಹೋಲಿಸಿ ನಮ್ಮ ಡಿಪ್ಲೊಮಾ ಹುಡುಗನನ್ನು ಕಡಿಮೆ ಅನ್ನುವುದು ಅನ್ಯಾಯ.

ಕಾನೂನನ್ನೂ ನೆನಪಿಡಿ. ಪರೀಕ್ಷೆಯ ಉತ್ತರಗಳು ವೈಯಕ್ತಿಕ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಏನನ್ನು ಯಾತಕ್ಕೆ ಸಂಗ್ರಹಿಸುತ್ತೀರಿ, ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ ಎಂಬುದಕ್ಕೆ ನಿಮ್ಮ ಬಳಿ ಉತ್ತರ ಇರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಮತ್ತು ಮಾನಸಿಕ ಅಸ್ವಸ್ಥತೆಯೂ ಇವೆ. "ಬೇಗ ಕಳವಳಗೊಳ್ಳುತ್ತಾರೆ" ಎಂಬ ಅಂಕ ನೋಡಿ ಒಬ್ಬರನ್ನು ಬಿಟ್ಟರೆ, ಗೊತ್ತಿಲ್ಲದೆಯೇ ಅಂಥವರ ಮೇಲೆ ಬಾಗಿಲು ಹಾಕಿದ ಹಾಗಾಗಬಹುದು.

ಪರೀಕ್ಷೆ ಬರೆಯುವವರಿಗೆ

ಕೆಲಸಕ್ಕೆ ಅರ್ಜಿ ಹಾಕಿದವರಿಗೂ ಎರಡು ಮಾತು. ಇಂಥ ಪರೀಕ್ಷೆ ಬಂದರೆ ಹೆದರಬೇಡಿ. ಕೆಲಸದಲ್ಲಿ ನೀವು ಹೇಗಿರುತ್ತೀರೋ ಅದನ್ನೇ ನೆನೆದು ಉತ್ತರಿಸಿ, ಮನೆಯಲ್ಲಿ ಹೇಗೆ ಎಂಬುದನ್ನಲ್ಲ. ಒಂದೇ ವಿಷಯವನ್ನು ಬೇರೆ ಮಾತಿನಲ್ಲಿ ಮತ್ತೆ ಕೇಳುತ್ತಾರೆ. ಎಲ್ಲಕ್ಕೂ ಐದು ಹಾಕುತ್ತಾ ಹೋದರೆ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದು ಸಾಲು ಅರ್ಥವಾಗದಿದ್ದರೆ ಕೇಳಿ, ಅದು ನಿಮ್ಮ ಹಕ್ಕು. ಧರ್ಮ, ಲೈಂಗಿಕ ಜೀವನ, ಕಾಯಿಲೆಯ ಬಗ್ಗೆ ಪ್ರಶ್ನೆ ಬಂದರೆ ಈ ಕೆಲಸಕ್ಕೂ ಇದಕ್ಕೂ ಏನು ಸಂಬಂಧ ಎಂದು ಇಮೇಲ್‌ನಲ್ಲಿ ಕೇಳಿ. ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿ ಇರಲಿ. ವರದಿಯ ಒಂದು ಪ್ರತಿ ನನಗೂ ಕೊಡಿ ಎಂದು ಅದೇ ಇಮೇಲ್‌ನಲ್ಲಿ ಸೇರಿಸಿ. ಕೆಲಸ ಸಿಗದಿದ್ದರೆ, ನನ್ನ ಮಾಹಿತಿ ಅಳಿಸಿದ್ದೀರಾ ಎಂದು ಆಮೇಲೆ ಇನ್ನೊಂದು ಇಮೇಲ್ ಹಾಕಿ.